ಹಿಂದೆ ಬರುವ ಹೆಜ್ಜೆ

ಬೆಳಗಿನ ಜಾವ ಐದೂವರೆಯ ಹೊತ್ತಿಗೆ ನಮ್ಮ ಮೈಸೂರಿನ ಸರಸ್ವತೀಪುರದ ರಸ್ತೆಗಳಲ್ಲಿ ಓಡುವವರ ಸಂಖ್ಯೆ ಈಚೆಗೆ ಹೆಚ್ಚಾಗಿದೆ. ಹಾಲಿನವನಿಗಿಂತಲೂ ಮೊದಲು, ಪತ್ರಿಕೆ ಹಾಕುವ ಹುಡುಗನಿಗಿಂತಲೂ ಮೊದಲು, ಬಣ್ಣಬಣ್ಣದ ಬೂಟು ತೊಟ್ಟ ತರುಣ ತರುಣಿಯರೂ, ತರುಣರಾಗಲು ಹವಣಿಸುವ ನನ್ನಂಥ ಮುದುಕರೂ ಅಲ್ಲಿ ಕಾಣಸಿಗುತ್ತಾರೆ. ಇವರಲ್ಲಿ ಕೆಲವರ ಕೈಯಲ್ಲಿ ಒಂದು ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಮೊಣಕಾಲೆತ್ತರವೂ ಇಲ್ಲದ ಒಂದು ನಾಯಿ. ಒಡೆಯನ ಒಂದು ಹೆಜ್ಜೆಗೆ ತಾನು ಮೂರು ನಾಲ್ಕು ಹೆಜ್ಜೆ ಹಾಕುತ್ತ, ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡು, ನಾಲಗೆ ಚಾಚಿಕೊಂಡು ಅದು ಓಡಿಬರುತ್ತಿರುತ್ತದೆ. ನೋಡಿದವರು "ಎಷ್ಟು ಮುದ್ದಾಗಿದೆ!" ಎನ್ನುತ್ತಾರೆ. ನಾನು ಮಾತ್ರ ಅದರ ಮುಖವನ್ನು ನೋಡುವುದಿಲ್ಲ, ಮುಂಗಾಲುಗಳನ್ನು ನೋಡುತ್ತೇನೆ. ಹಾಗೇಕೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಹೋದ ವರ್ಷದ ಶ್ರಾವಣದಲ್ಲಿ ನನ್ನ ಮಗಳು ಒಂದು ನಾಯಿಮರಿಯನ್ನು ಮನೆಗೆ ತಂದಳು. ಎರಡು ತಿಂಗಳ ಮರಿ. ಹತ್ತಿಯ ಉಂಡೆಯಂತೆ ಬಿಳಿ. ಮೂತಿ ಮತ್ತು ಕಣ್ಣು ಮಾತ್ರ ಕಪ್ಪು. ನಮ್ಮ ಕಡೆ ಇಂಥ ನಾಯಿಯನ್ನು ಎಲ್ಲರೂ ಪಾಮೇರಿಯನ್ ಎಂದೇ ಕರೆಯುವುದು. ವಾಸ್ತವವಾಗಿ ಇವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ತಳಿಯವು. ನಿಜವಾದ ಪಾಮೇರಿಯನ್ ಇದಕ್ಕಿಂತಲೂ ಚಿಕ್ಕದು. ಹನ್ನೊಂದು ವರ್ಷದ ನನ್ನ ಮೊಮ್ಮಗಳು ಮರಿಗೆ "ಕಡಲೆ" ಎಂದು ನಾಮಕರಣ ಮಾಡಿದಳು. ಅವಳು ಶಾಲೆಯ ಓಟದ ಪಂದ್ಯಗಳಲ್ಲಿ ಭಾಗವಹಿಸುವವಳು. ದಿನವೂ ಬೆಳಗ್ಗೆ ನನ್ನೊಡನೆ ಓಡಲು ಬರುವವಳು. ನನ್ನ ಓಟವೆಂದರೆ ಬಿರುಸಾದ ನಡಿಗೆಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು, ಅಷ್ಟೆ. ಅವಳು ಮುಂದೆ ಓಡಿಹೋಗಿ, ಮರದ ಕೆಳಗೆ ನಿಂತು, ಈ ಎಪ್ಪತ್ತು ದಾಟಿದ ತಾತನಿಗಾಗಿ ಕಾಯುವುದು ವಾಡಿಕೆ.

ಮರಿ ಬಂದ ಮೂರನೆಯ ದಿನವೇ ಅವಳ ಪ್ರಶ್ನೆ ಬಂದಿತು. "ತಾತ, ನಾಳೆಯಿಂದ ಕಡಲೆಯನ್ನೂ ಓಡುವುದಕ್ಕೆ ಕರೆದುಕೊಂಡು ಹೋಗೋಣವಾ?"

"ಬೇಡ" ಎಂದೆ.

"ಯಾವಾಗ ಮತ್ತೆ?"

"ಬರುವ ವರ್ಷ."

ಮಕ್ಕಳಿಗೆ ಒಂದು ವರ್ಷವೆಂದರೆ ಒಂದು ಯುಗ. ಅವಳ ಮುಖ ಬಾಡಿತು. "ಇಡೀ ದಿನ ಮನೆಯೊಳಗೆಲ್ಲ ಓಡಾಡುತ್ತಿದೆಯಲ್ಲ, ರಸ್ತೆಯಲ್ಲಿ ಓಡಿದರೆ ಏನಾಗುತ್ತೆ?" ಎಂದಳು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಬೇಕಾದರೆ ನಾನು ಬೆಳ್ಳಿಯ ಕಥೆಯನ್ನು ಹೇಳಬೇಕಾಗಿತ್ತು. ಮೂವತ್ತು ವರ್ಷಗಳಿಂದ ಆ ಕಥೆಯನ್ನು ನಾನು ಯಾರಿಗೂ ನೆಟ್ಟಗೆ ಹೇಳಿರಲಿಲ್ಲ.

1994ರಲ್ಲಿ ಒಂದು ಹಿಂದಿ ಚಲನಚಿತ್ರ ದೇಶವನ್ನೆಲ್ಲ ಆವರಿಸಿಕೊಂಡಿತ್ತು. ಅದರಲ್ಲಿ ಟಫಿ ಎಂಬ ಬಿಳಿಯ ನಾಯಿ ನಾಯಕ ನಾಯಿಕೆಯರಷ್ಟೇ ಖ್ಯಾತಿಯನ್ನು ಪಡೆಯಿತು. ಆ ಚಿತ್ರ ಬಂದ ಮರುವರ್ಷ ನಮ್ಮ ಬೀದಿಯ ಎರಡು ಮನೆಗಳಿಗೆ ಅಂಥ ಬಿಳಿಯ ಮರಿಗಳು ಬಂದವು. ಅವುಗಳಲ್ಲಿ ಒಂದು ನಮ್ಮ ಬೆಳ್ಳಿ. ಆಗ ನಾನು ನಲವತ್ತರ ಆಸುಪಾಸಿನಲ್ಲಿದ್ದ ಪ್ರೌಢಶಾಲೆಯ ಉಪಾಧ್ಯಾಯ. ಹೊಟ್ಟೆ ಮುಂದಕ್ಕೆ ಬರುತ್ತಿದೆಯೆಂಬ ಭಯದಿಂದ ಹೊಸದಾಗಿ ಓಡಲು ಆರಂಭಿಸಿದ್ದವನು. ಹೊಸ ಭಕ್ತನಿಗೆ ಜಪ ಹೆಚ್ಚು. ಕುಕ್ಕರಹಳ್ಳಿ ಕೆರೆಯ ಆಚೆಗಿನ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಓಡದಿದ್ದರೆ ನನಗೆ ಆ ದಿನ ದಿನವೇ ಅಲ್ಲ. ಬೆಳ್ಳಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಅದನ್ನೂ ಜೊತೆಗೆ ಕರೆದೊಯ್ಯತೊಡಗಿದೆ. ಅದು ಕುಣಿಯುತ್ತ ಬಂದಿತು. ಒಂದು ದಿನವೂ "ಸಾಕು" ಎಂದು ಕುಳಿತುಕೊಳ್ಳಲಿಲ್ಲ. ನಾನು ಅದನ್ನು ಅದರ ಶಕ್ತಿಯೆಂದು ತಿಳಿದೆ.

ದಾರಿಯಲ್ಲಿ ಒಂದು ಮೋರಿಯ ಕಟ್ಟೆ ಇದ್ದಿತು. ಸುಮಾರು ಮೂರಡಿ ಎತ್ತರ. ನಾನು ಅದರ ಮೇಲೆ ಹತ್ತಿ ಧುಮುಕಿ ಮುಂದೆ ಓಡುತ್ತಿದ್ದೆ. ಆ ವಯಸ್ಸಿನಲ್ಲಿ ಅದೊಂದು ಹುಡುಗಾಟ. ಬೆಳ್ಳಿಯೂ ಹಿಂದೆಯೇ ಹತ್ತಿ ಧುಮುಕುತ್ತಿದ್ದಿತು. ಒಂದು ದಿನ ಧುಮುಕಿದಾಗ "ಕುಂಯ್" ಎಂದಿತು. ನಾನು ಆಗಲೇ ಹತ್ತು ಮಾರು ಮುಂದೆ ಹೋಗಿದ್ದೆ. ಕರೆದೆ, ಮೂರು ಕಾಲಿನಲ್ಲಿ ಕುಂಟುತ್ತ ಬಂದಿತು. ಅಲ್ಲಿಯೇ ಎತ್ತಿಕೊಂಡು ಮನೆಗೆ ಬರಬೇಕಾಗಿತ್ತು. ನಾನು ಮಾಡಿದ್ದೇನೆಂದರೆ, ಒಂದೆರಡು ನಿಮಿಷ ಕಾಲು ನೀವಿ, ಮತ್ತೆ ನಿಧಾನವಾಗಿ ಓಡಿದೆ. ಅದು ಹಿಂದೆಯೇ ಬಂದಿತು.

ನಾಲ್ಕಾರು ದಿನಗಳಲ್ಲಿ ಕುಂಟು ಕಡಿಮೆಯಾದಂತೆ ತೋರಿತು. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಅದರ ಎಡ ಮುಂಗಾಲು ಬಾಗತೊಡಗಿತು. ಆಗ ಪಶುವೈದ್ಯರಲ್ಲಿಗೆ ಓಡಿದೆ. ಅವರು ಎಕ್ಸ್‌ರೇ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಶಾಂತವಾಗಿ ವಿವರಿಸಿದರು. ನಾಯಿಯ ಮುಂಗಾಲಿನಲ್ಲಿ, ನಮ್ಮ ಮುಂಗೈಯಲ್ಲಿರುವಂತೆಯೇ, ಜೋಡಿ ಮೂಳೆಗಳಿವೆ. ಎರಡೂ ಒಂದೇ ಸಮನೆ ಬೆಳೆಯಬೇಕು. ಮೂಳೆ ಬೆಳೆಯುವುದು ನಡುವಿನಲ್ಲಿ ಅಲ್ಲ; ತುದಿಗಳ ಬಳಿ ಇರುವ ಮೃದ್ವಸ್ಥಿಯ ತೆಳುವಾದ ಪದರದಲ್ಲಿ. ಆ ಪದರ ಮೂಳೆಯಷ್ಟು ಗಟ್ಟಿಯಲ್ಲ. ಹಿಂಬದಿಯ ಮೂಳೆಯಲ್ಲಿ, ಮಣಿಕಟ್ಟಿನ ಬಳಿ, ಅದು ಆಲಿಕೆಯ ಆಕಾರದಲ್ಲಿರುವುದರಿಂದ ಮೇಲಿನಿಂದ ಬಿದ್ದ ಪೆಟ್ಟಿಗೆ ಜಜ್ಜಿಹೋಗುವ ಅಪಾಯ ಹೆಚ್ಚು. ಪೆಟ್ಟು ಬಿದ್ದ ದಿನ ಎಕ್ಸ್‌ರೇಯಲ್ಲಿಯೂ ಏನೂ ಕಾಣದಿರಬಹುದು. ಜಜ್ಜಿದ ಪದರ ಬೆಳೆಯುವುದನ್ನು ನಿಲ್ಲಿಸುತ್ತದೆ. ಪಕ್ಕದ ಮೂಳೆ ಬೆಳೆಯುತ್ತಲೇ ಇರುತ್ತದೆ. ಆಗ ಬೆಳೆಯದ ಮೂಳೆ ಹೆದೆಯಾಗುತ್ತದೆ, ಬೆಳೆಯುವ ಮೂಳೆ ಬಿಲ್ಲಾಗಿ ಬಾಗುತ್ತದೆ. "ಮೊದಲ ವಾರಗಳಲ್ಲೇ ತೋರಿಸಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡಬಹುದಿತ್ತು" ಎಂದರು ವೈದ್ಯರು. ಅವರು ಗದರಿಸಲಿಲ್ಲ. ಗದರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳ್ಳಿ ಹದಿಮೂರು ವರ್ಷ ಬದುಕಿತು. ಬಾಗಿದ ಕಾಲಿನಲ್ಲಿಯೇ ಬದುಕಿತು. ಕೇಳಿದವರಿಗೆ "ಹುಟ್ಟಿನಿಂದಲೇ ಹಾಗೆ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಮನೆಯಲ್ಲಿ, "ಅಂಗಳದ ಕಟ್ಟೆಯಿಂದ ಬಿದ್ದಿರಬೇಕು" ಎಂದಿದ್ದೆ. ಪ್ರತಿದಿನ ಬೆಳಗ್ಗೆ ನಾನು ಬೂಟಿನ ದಾರ ಕಟ್ಟಿಕೊಳ್ಳುವ ಸದ್ದು ಕೇಳಿದೊಡನೆ ಅದು ಗೇಟಿನ ಬಳಿ ಬಂದು ಬಾಲ ಆಡಿಸುತ್ತ ನಿಲ್ಲುತ್ತಿದ್ದಿತು. ನಾನು ಗೇಟು ಹಾಕಿಕೊಂಡು ಒಬ್ಬನೇ ಹೋಗುತ್ತಿದ್ದೆ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಅವಳು ಕಡಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದರ ಕಡ್ಡಿಯಂಥ ಮುಂಗಾಲನ್ನು ಎರಡು ಬೆರಳುಗಳ ನಡುವೆ ಹಿಡಿದು ಕೇಳುತ್ತಿದ್ದಳು.

"ಬೆಳ್ಳಿಗೆ ನೋವಾಗುತ್ತಿರಲಿಲ್ಲವಾ ತಾತ?"

"ಆಗುತ್ತಿದ್ದಿರಬೇಕು. ಹೇಳಲಿಲ್ಲ."

"ನೀನು ನೋಡಲಿಲ್ಲವಾ?"

"ನಾನು ಮುಂದೆ ಓಡುತ್ತಿದ್ದೆ."

ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಂಗಳದ ಕಟ್ಟೆ ಅಂದಿದ್ದಿರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದಿನಿಂದ ಕಡಲೆಯ ವಿಷಯದಲ್ಲಿ ಕಾಯುವುದು ಹೇಗೆಂಬುದೇ ನಮ್ಮಿಬ್ಬರ ಪಾಠವಾಯಿತು. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಪ್ರತಿ ತಿಂಗಳಿಗೂ ಅದರದೇ ಆದ ಕೆಲಸವಿದೆಯೆಂಬುದು ನಮಗೆ ಕ್ರಮೇಣ ತಿಳಿಯಿತು.

ಮೊದಲ ನಾಲ್ಕು ತಿಂಗಳು ಲಸಿಕೆಯ ಕಾಲ. ಆರೆಂಟು ವಾರಗಳ ವಯಸ್ಸಿನಲ್ಲಿ ಆರಂಭವಾಗುವ ಚುಚ್ಚುಮದ್ದುಗಳು ಮೂರು ನಾಲ್ಕು ವಾರಗಳಿಗೊಮ್ಮೆ ನಡೆದು ಹದಿನಾರು ವಾರಗಳ ಹೊತ್ತಿಗೆ ಒಂದು ಘಟ್ಟ ಮುಟ್ಟುತ್ತವೆ. ಹುಚ್ಚುನಾಯಿ ರೋಗದ ಲಸಿಕೆಯೂ ಇದರೊಳಗೆ, ಸುಮಾರು ಮೂರು ತಿಂಗಳಿಗೆ, ಬೀಳುತ್ತದೆ. ಅಲ್ಲಿಯವರೆಗೆ ಬೀದಿಯ ನೆಲಕ್ಕೆ ಮರಿಯ ಕಾಲು ತಾಗಿಸದಿರುವುದು ಕ್ಷೇಮ. ಮರಿಗಳನ್ನು ಎರಡು ಮೂರು ದಿನಗಳಲ್ಲಿ ಕೊಂಡೊಯ್ಯಬಲ್ಲ ಪಾರ್ವೊ ಎಂಬ ರೋಗದ ವಿಷಾಣು ಸೋಂಕಿದ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಅಲ್ಲಿಯೇ ಬದುಕಿರಬಲ್ಲುದು. ಆದರೆ ಮರಿ ಜಗತ್ತಿಗೆ ಹೆದರದಂತೆ ಬೆಳೆಯಬೇಕಾದ ಕಾಲವೂ ಇದೇ. ಆದ್ದರಿಂದ ಮೊಮ್ಮಗಳು ಕಡಲೆಯನ್ನು ತೋಳಿನಲ್ಲಿ ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋಗಿ ಆಟೋರಿಕ್ಷಾ, ಬಸ್ಸು, ತರಕಾರಿ ಗಾಡಿ, ಎಮ್ಮೆ ಎಲ್ಲವನ್ನೂ ತೋರಿಸಿಕೊಂಡು ಬರುತ್ತಿದ್ದಳು. ದಸರೆಯ ಗದ್ದಲ ಕೇಳಿದ ಮೇಲೆ ಅದಕ್ಕೆ ಲಾರಿಯ ಹಾರನ್ನು ಒಂದು ಲೆಕ್ಕವೇ ಆಗಲಿಲ್ಲ.

ಮನೆಯೊಳಗೇ ಪಟ್ಟಿ ತೊಡಿಸುವ ಅಭ್ಯಾಸವನ್ನೂ ಆಗಲೇ ಮಾಡಿಸಿದೆವು. ಕೊರಳಿಗೆ ಹಾಕುವ ಬೆಲ್ಟಲ್ಲ. ಎದೆಯನ್ನೂ ಹೆಗಲನ್ನೂ ಬಳಸಿ ಬರುವ ಹಾರ್ನೆಸ್ ಎಂಬ ಪಟ್ಟಿ. ಸಣ್ಣ ತಳಿಗಳಲ್ಲಿ, ಮುಖ್ಯವಾಗಿ ಪಾಮೇರಿಯನ್ನಿನಂಥವುಗಳಲ್ಲಿ, ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಬಳೆಗಳು ಸಡಿಲವಾಗಿ ನಾಳ ಕುಸಿಯುವ ಒಂದು ದೋಷ ಅಪರೂಪವಲ್ಲ. ಹಾಗಾದಾಗ ನಾಯಿ ಬಾತುಕೋಳಿ ಕೂಗಿದಂತೆ ಕೆಮ್ಮುತ್ತದೆ. ಓಡುವಾಗ ಹಗ್ಗದ ಎಳೆತ ಕೊರಳಿಗೆ ಬಿದ್ದರೆ ಆ ತೊಂದರೆ ಉಲ್ಬಣಿಸುತ್ತದೆ. ಎಳೆತ ಎದೆಯ ಮೇಲೆ ಬೀಳುವುದು ಲೇಸು.

ನಾಲ್ಕನೆಯ ತಿಂಗಳು ಕಳೆದ ಮೇಲೆ ನಡಿಗೆ. ತಿಂಗಳಿಗೆ ಐದು ನಿಮಿಷದಂತೆ, ಅಂದರೆ ನಾಲ್ಕು ತಿಂಗಳ ಮರಿಗೆ ಇಪ್ಪತ್ತು ನಿಮಿಷ, ಐದು ತಿಂಗಳಿನದಕ್ಕೆ ಇಪ್ಪತ್ತೈದು ಎಂದು ನಾಯಿ ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ಇದೇನೂ ಶಾಸ್ತ್ರವಾಕ್ಯವಲ್ಲ, ಆದರೆ ನನ್ನಂಥ ಅತ್ಯುತ್ಸಾಹಿಗಳಿಗೆ ಒಳ್ಳೆಯ ಬೇಲಿ. ಹಾಗಾದರೆ ಮರಿ ಅಂಗಳದಲ್ಲಿ ಗಂಟೆಗಟ್ಟಲೆ ಓಡಾಡುವುದು ಸರಿಯೇ ಎಂಬ ಮೊಮ್ಮಗಳ ಪ್ರಶ್ನೆಗೂ ಇಲ್ಲಿ ಉತ್ತರ ಸಿಕ್ಕಿತು. ಅಂಗಳದ ಮಣ್ಣಿನಲ್ಲಿ ಮರಿ ತನ್ನ ಇಷ್ಟದಂತೆ ಓಡುತ್ತದೆ, ತಿರುಗುತ್ತದೆ, ದಣಿದಾಗ ಇದ್ದಲ್ಲಿಯೇ ಬಿದ್ದುಕೊಂಡು ನಿದ್ರೆಹೋಗುತ್ತದೆ. ಯಾವಾಗ ನಿಲ್ಲಬೇಕೆಂಬುದು ಅದರ ಕೈಯಲ್ಲಿದೆ. ಹಗ್ಗ ಕಟ್ಟಿ ರಸ್ತೆಯಲ್ಲಿ ಓಡಿಸಿದಾಗ ಆ ತೀರ್ಮಾನ ನಮ್ಮ ಕೈಗೆ ಬರುತ್ತದೆ. ಒಂದೇ ವೇಗದಲ್ಲಿ, ಒಂದೇ ನೇರದಲ್ಲಿ, ಗಟ್ಟಿಯಾದ ನೆಲದ ಮೇಲೆ, ನಮ್ಮ ದೂರ ಮುಗಿಯುವವರೆಗೆ ಅದು ಕಾಲು ಹಾಕಬೇಕು. ವ್ಯತ್ಯಾಸವೆಲ್ಲ ಇಷ್ಟೇ; ಆದರೆ ಬೆಳ್ಳಿಯ ಕಾಲು ಹೋದದ್ದು ಈ ವ್ಯತ್ಯಾಸದಲ್ಲಿಯೇ.

ಮೂಳೆಯ ತುದಿಯ ಪದರಗಳು ಗಟ್ಟಿಯಾಗಿ ಬೆಳವಣಿಗೆ ಮುಗಿಯುವುದು ಸಣ್ಣ ತಳಿಗಳಲ್ಲಿ ಸಾಮಾನ್ಯವಾಗಿ ಎಂಟು ತಿಂಗಳಿಂದ ಒಂದು ವರ್ಷದೊಳಗೆ. ಆಳೆತ್ತರಕ್ಕೆ ಹಾರುವ ದೊಡ್ಡ ನಾಯಿಗಳಿಗೆ ಒಂದೂಕಾಲು ಒಂದೂವರೆ ವರ್ಷ ಬೇಕಾಗುವುದೂ ಉಂಟು. ಓಟವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿಯನ್ನೇ ಹೊರಡಿಸಿತು. ಉದ್ದನೆಯ ಕಾಲು, ಆಳವಾದ ಎದೆ, ಸಣ್ಣ ನಡುವಿನ ಆ ಪ್ರಾಣಿ ಓಡುವುದಕ್ಕೆಂದೇ ಹುಟ್ಟಿದ್ದು. ಆದರೂ ಅದರ ಮರಿಗೂ ಬಾಲ್ಯವಿದೆ. ಅದರ ಮೂಳೆಯೂ ತನ್ನ ಕಾಲಕ್ಕೇ ಬಲಿಯುವುದು. ಬೇಗ ಬಲಿಯುವುದೆಂಬುದೊಂದೇ ಸಣ್ಣ ನಾಯಿಗೆ ದೇವರು ಕೊಟ್ಟ ರಿಯಾಯಿತಿ.

ಎಲ್ಲ ಸಣ್ಣ ನಾಯಿಗಳೂ ಓಟಕ್ಕೆ ಒದಗುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 2003ರ ಸುಮಾರಿಗೆ ಮೊಬೈಲ್ ದೂರವಾಣಿಯ ಜಾಹೀರಾತೊಂದರಲ್ಲಿ ಪುಟ್ಟ ಹುಡುಗನ ಹಿಂದೆ ಹೋದಲ್ಲೆಲ್ಲ ಹೋಗುತ್ತಿದ್ದ ಪಗ್ ನಾಯಿಯನ್ನು ಓದುಗರು ಮರೆತಿರಲಾರರು. ಅದನ್ನು ನೋಡಿ ಎಷ್ಟೋ ಮನೆಗಳಿಗೆ ಪಗ್ ಬಂದಿತು. ಚಪ್ಪಟೆ ಮುಖದ ಆ ತಳಿಗೆ ಉಸಿರಾಟವೇ ಒಂದು ಕಷ್ಟ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನ ಮೂಲಕವೇ ಅದು ಮೈಯ ಕಾವನ್ನು ಹೊರಹಾಕಬೇಕು. ಮೂಗು ಗಿಡ್ಡವಾದ ಪಗ್, ಶಿಹ್ ತ್ಸು, ಫ್ರೆಂಚ್ ಬುಲ್‌ಡಾಗ್ ಮೊದಲಾದವು ಅದನ್ನು ಸರಿಯಾಗಿ ಮಾಡಲಾರವು. ಅವುಗಳಿಗೆ ತಂಪು ಹೊತ್ತಿನ ನಡಿಗೆಯೇ ಸಾಕು, ಓಟ ಬೇಡ. ಉದ್ದ ಬೆನ್ನಿನ, ಗಿಡ್ಡ ಕಾಲಿನ ಡ್ಯಾಶ್‌ಹಂಡ್ ಬಿಲಗಳಲ್ಲಿ ನುಗ್ಗಿ ಬೇಟೆಯಾಡಲೆಂದು ಜರ್ಮನರು ಬೆಳೆಸಿದ ತಳಿ. ಧೈರ್ಯದಲ್ಲಿ ಹುಲಿ; ಆದರೆ ಬೆನ್ನುಮೂಳೆಯ ನಡುವಣ ಬಿಲ್ಲೆಗಳು ಬೇಗ ಸವೆದು ಸರಿಯುವ ಸ್ವಭಾವದವು. ವೈದ್ಯರನ್ನು ಕೇಳದೆ ಅದನ್ನು ಓಡಿಸಬಾರದು. ಮೆಟ್ಟಿಲು, ಕಟ್ಟೆಗಳಿಂದ ಧುಮುಕಲು ಬಿಡಲೇಬಾರದು.

ಕಡಲೆಗೆ ಹತ್ತು ತಿಂಗಳಾದಾಗ, ರಾಮನವಮಿಯ ಆಸುಪಾಸಿನಲ್ಲಿ, ಪಶುವೈದ್ಯರಲ್ಲಿಗೆ ಕರೆದೊಯ್ದೆವು. ಮೂವತ್ತು ವರ್ಷಗಳ ಹಿಂದಿನ ಆ ವೈದ್ಯರು ಈಗಿಲ್ಲ. ಇವರು ತರುಣಿ, ನನ್ನ ಮಗಳಿಗಿಂತ ಚಿಕ್ಕವರು. ಹೃದಯದ ಬಡಿತ ಕೇಳಿದರು, ಹಲ್ಲು ನೋಡಿದರು, ತೂಗಿದರು: ಐದೂವರೆ ಕಿಲೋ. ಹಿಂಗಾಲುಗಳನ್ನು ಒಂದೊಂದಾಗಿ ಮಡಿಸಿ, ನೀಡಿ, ಮಂಡಿಚಿಪ್ಪು ತನ್ನ ಗಾಡಿಯಲ್ಲಿಯೇ ನಿಲ್ಲುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದರು. ಸಣ್ಣ ತಳಿಗಳಲ್ಲಿ ಈ ಚಿಪ್ಪು ಪಕ್ಕಕ್ಕೆ ಜಾರುವುದು ಸಾಮಾನ್ಯವಂತೆ. ಓಡುತ್ತಿರುವ ನಾಯಿ ಇದ್ದಕ್ಕಿದ್ದಂತೆ ಒಂದು ಹಿಂಗಾಲನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಕುಪ್ಪಳಿಸಿ, ಮತ್ತೆ ಏನೂ ಆಗದಂತೆ ಓಡಿದರೆ, ಅದನ್ನು ತುಂಟತನವೆಂದು ನಗಬಾರದು, ವೈದ್ಯರಿಗೆ ತೋರಿಸಬೇಕು. ಆಮೇಲೆ ಎಕ್ಸ್‌ರೇ ಬೇಕೇ ಎಂದು ನಾನೇ ಕೇಳಿದೆ. ಅಷ್ಟೇನೂ ಅಗತ್ಯವಿಲ್ಲವೆಂದರೂ ನನ್ನ ಮುಖ ನೋಡಿ ತೆಗೆಸಿದರು. ಪರದೆಯ ಮೇಲೆ ಎರಡು ಮೂಳೆಗಳು ನೆಟ್ಟಗೆ, ಅಣ್ಣತಮ್ಮಂದಿರಂತೆ ಒತ್ತಾಗಿ ನಿಂತಿದ್ದವು. ತುದಿಯ ಕಪ್ಪು ಗೆರೆಗಳು ಮುಚ್ಚಿಹೋಗಿದ್ದವು.

"ಇನ್ನು ಓಡಿಸಬಹುದು ಸರ್" ಎಂದರು. "ಆದರೆ ಈ ಬಿಸಿಲಿನಲ್ಲಿ ಹೊಸ ಅಭ್ಯಾಸ ಬೇಡ. ಒಂದು ಮಳೆ ಬೀಳಲಿ."

ಒಂದು ವರ್ಷ ಕಾದವರಿಗೆ ಎರಡು ತಿಂಗಳು ಯಾವ ಲೆಕ್ಕ? ಕಾವಿನ ವಿಷಯದಲ್ಲಿ ಅವರು ಹೇಳಿದ್ದು ಎಲ್ಲ ಓಟಗಾರರೂ ತಿಳಿದಿರಬೇಕಾದದ್ದು. ನಾಯಿಯ ಸಹಜವಾದ ಮೈಬಿಸಿಯೇ ಫ್ಯಾರನ್‌ಹೀಟ್ ಮಾನದಲ್ಲಿ 101ರಿಂದ 102.5 ಡಿಗ್ರಿ. ಅದು 105, 106ಕ್ಕೆ ಏರಿದರೆ ಪ್ರಾಣಕ್ಕೇ ಅಪಾಯ. ಕಾದ ಟಾರಿನಿಂದ ಮೇಲೇಳುವ ಝಳ ನಮ್ಮ ಮುಖಕ್ಕೆ ತಾಗುವ ಮೊದಲು, ನೆಲದಿಂದ ಒಂದು ಗೇಣು ಎತ್ತರದಲ್ಲಿರುವ ಅದರ ಹೊಟ್ಟೆಗೆ ತಾಗುತ್ತದೆ. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲಿಟ್ಟು ಏಳು ಎಣಿಸುವವರೆಗೆ ತಡೆಯಲಾಗದಿದ್ದರೆ ಆ ರಸ್ತೆ ಅದರ ಪಾದಕ್ಕೆ ಕೆಂಡವೆಂದೇ ತಿಳಿಯಬೇಕು. ಏದುಸಿರು ಮಿತಿಮೀರಿ, ಒಸಡು ಕೆಂಪೇರಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಡವರಿಸಿದರೆ ಒಡನೆಯೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ ವೈದ್ಯರಲ್ಲಿಗೆ ಓಡಬೇಕು. ಆಗ ಮಾತ್ರ ನಾವು ಎಷ್ಟು ವೇಗವಾಗಿ ಓಡಿದರೂ ತಪ್ಪಿಲ್ಲ.

ಈ ಕಾಯುವ ದಿನಗಳಲ್ಲಿ, ಜಾಗಿಂಗ್ ಎಂಬ ಈ ನಿಧಾನದ ಓಟ ಎಲ್ಲಿಂದ ಬಂದಿತೆಂದು ಓದಿ ನೋಡಿದೆ. ಅದನ್ನು ಜನಸಾಮಾನ್ಯರಿಗೆ ರೂಢಿ ಮಾಡಿಸಿದವರಲ್ಲಿ ಮೊದಲಿಗರು ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್. 1960ರ ರೋಮ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಅವರ ಶಿಷ್ಯರು. 1962ರಲ್ಲಿ ಅಮೆರಿಕದ ಆರಿಗನ್ ವಿಶ್ವವಿದ್ಯಾನಿಲಯದ ಓಟದ ಶಿಕ್ಷಕ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಲಿಡಿಯರ್ಡ್ ಅವರನ್ನು ಒಂದು ಗುಂಪಿನೊಡನೆ ಓಡಲು ಕರೆದರು. ಐವತ್ತು ದಾಟಿದ್ದ ಬೋವರ್‌ಮನ್ ಸ್ವಲ್ಪ ದೂರದಲ್ಲೇ ಹಿಂದೆಬಿದ್ದರು. ಆಗ ಎಪ್ಪತ್ತು ದಾಟಿದ ವೃದ್ಧರೊಬ್ಬರು ಗುಂಪಿನಿಂದ ಹಿಂದಕ್ಕೆ ಬಂದು, ಅವರ ಪಕ್ಕದಲ್ಲಿ ಮಾತಾಡುತ್ತ ಓಡಿದರು. ಬೋವರ್‌ಮನ್ ಊರಿಗೆ ಮರಳಿ, ಹೃದಯವೈದ್ಯರೊಬ್ಬರೊಡನೆ ಸೇರಿ ಈ ಓಟದ ಮೇಲೆ ಪುಸ್ತಕವನ್ನೇ ಬರೆದರು. ಪಕ್ಕದವರೊಡನೆ ಮಾತಾಡಲು ಸಾಧ್ಯವಾಗುವಷ್ಟು ವೇಗವೇ ಸರಿಯಾದ ವೇಗವೆಂಬ ಸೂತ್ರ ಓಟಗಾರರಲ್ಲಿ ಪ್ರಚಾರಕ್ಕೆ ಬಂದಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವೃದ್ಧರ ನಡತೆ. ಓಡಬಲ್ಲವನು ಓಡಲಾರದವನಿಗಾಗಿ ಹಿಂದಕ್ಕೆ ಬಂದದ್ದು.

ಆದರೆ ನಾಯಿ ಮಾತಾಡುವುದಿಲ್ಲವಲ್ಲ! ಮಾತಿನ ಬದಲು ಅದರ ನಾಲಗೆ, ಕಿವಿ, ಬಾಲಗಳನ್ನು ಓದಬೇಕು. ನಾಲಗೆ ಅಗಲವಾಗಿ ಬಾಯಿಯ ಪಕ್ಕಕ್ಕೆ ಜೋತರೆ ಕಾವು ಹೆಚ್ಚಿತೆಂದು ಅರ್ಥ. ಎತ್ತಿದ ಬಾಲ ಇಳಿದರೆ ಉತ್ಸಾಹ ಇಳಿಯಿತೆಂದು ಅರ್ಥ. ಪಕ್ಕದಲ್ಲಿದ್ದುದು ಹಿಂದಕ್ಕೆ ಸರಿದು ಹಗ್ಗ ಬಿಗಿಯಾದರೆ ಅದು "ಸಾಕು" ಎಂದು ಹೇಳಿದಂತೆಯೇ. ಈ ಭಾಷೆಯನ್ನು ತಿಳಿಯಬೇಕಾದರೆ ಓಡುವವನು ಆಗಾಗ್ಗೆ ಕೆಳಗೆ ನೋಡಬೇಕು, ಹಿಂದೆ ನೋಡಬೇಕು. ಮಹಾಪ್ರಸ್ಥಾನದಲ್ಲಿ ಧರ್ಮರಾಯ ಹಿಂದಿರುಗಿ ನೋಡದೆ ನಡೆದ. ನಾಯಿ ಕೊನೆಯವರೆಗೂ ಹಿಂಬಾಲಿಸಿತು. ಆ ನಾಯಿ ಯಮಧರ್ಮನೇ ಆಗಿದ್ದುದರಿಂದ ಅದರ ಕಾಲಿನ ಚಿಂತೆ ಧರ್ಮರಾಯನಿಗಿರಲಿಲ್ಲ. ನಮ್ಮ ನಾಯಿಗಳು ಬರಿಯ ನಾಯಿಗಳು. ಹಿಂಬಾಲಿಸುವ ಗುಣವೊಂದೇ ಸಮಾನ. ನಮಗೆ ಹಿಂದೆ ನೋಡದೆ ಹೋಗುವ ಅಧಿಕಾರವಿಲ್ಲ.

ಮುಂಗಾರು ಬಂದಿತು. ಕಡಲೆಗೆ ವರ್ಷ ತುಂಬಿತು. ನಮ್ಮ ಕ್ರಮ ಹೀಗೆಂದು ಮೊಮ್ಮಗಳು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದಳು: ಮೊದಲು ಐದು ನಿಮಿಷ ನಡಿಗೆ, ಅದರಲ್ಲಿಯೇ ಮೂಸುವುದು, ಮೂತ್ರ ಎಲ್ಲ ಮುಗಿಯಬೇಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ನಾಲ್ಕು ಸಲ. ಕೊನೆಯಲ್ಲಿ ಮತ್ತೆ ಐದು ನಿಮಿಷ ನಡಿಗೆ. ವಾರಕ್ಕೆ ಮೂರೇ ದಿನ, ನಡುವೆ ವಿಶ್ರಾಂತಿ. ಎರಡು ವಾರಕ್ಕೊಮ್ಮೆ ಓಟಕ್ಕೆ ಅರ್ಧ ಅಥವಾ ಒಂದು ನಿಮಿಷ ಸೇರಿಸುವುದು. ಮರುದಿನ ಬೆಳಗ್ಗೆ ನಾಯಿ ಏಳುವಾಗ ಕಾಲು ಬಿಗಿದಂತೆ ಕಂಡರೆ ಹಿಂದಿನ ಮೆಟ್ಟಿಲಿಗೆ ಇಳಿಯುವುದು. ಒಟ್ಟಿನಲ್ಲಿ ಎರಡು ಮೂರು ಕಿಲೋಮೀಟರು ಮುಟ್ಟಿದರೆ ಇಷ್ಟು ಚಿಕ್ಕ ಜೀವಕ್ಕೆ ಬೇಕಾದಷ್ಟಾಯಿತು. ಹೊಟ್ಟೆ ತುಂಬಿದಾಗ ಓಟವಿಲ್ಲ. ಮನೆಗೆ ಬಂದು ದಣಿವಾರಿದ ಮೇಲೆಯೇ ಊಟ. ನೀರನ್ನು ಗುಟುಕು ಗುಟುಕಾಗಿ ಕೊಡುವುದು. ಟಾರಿಗಿಂತ ಮಣ್ಣಿನ ದಾರಿ ಮೇಲು. ಬೀದಿನಾಯಿಗಳು ಎದುರಾದರೆ ಓಟ ನಿಲ್ಲಿಸಿ, ಹಗ್ಗವನ್ನು ಗಿಡ್ಡ ಮಾಡಿ, ರಸ್ತೆಯ ಇನ್ನೊಂದು ಬದಿಗೆ ಸುಮ್ಮನೆ ನಡೆಯುವುದು. ಓಡುವುದನ್ನು ಕಂಡರೆ ಅಟ್ಟುವುದು ನಾಯಿಗಳ ಹುಟ್ಟುಗುಣ. ಮನೆಗೆ ಬಂದ ಮೇಲೆ ಬೆರಳುಗಳ ಸಂದು, ಕಿವಿಯ ಹಿಂಬದಿ ತಡವಿ ಉಣುಗು ಹತ್ತಿದೆಯೇ ಎಂದು ನೋಡುವುದು. ನಮ್ಮ ದೇಶದಲ್ಲಿ ಉಣುಗಿನಿಂದ ಬರುವ ಜ್ವರ ನಾಯಿಗಳನ್ನು ಬಹಳ ಕಾಡುತ್ತದೆ. ಕಟ್ಟಕಡೆಯ ನಿಯಮವನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಳು: "ತಾತ ಕಟ್ಟೆ ಹತ್ತಬಾರದು."

ಮೊದಲ ದಿನ ರಾತ್ರಿಯ ಮಳೆಗೆ ನೆಲ ತಂಪಾಗಿದ್ದಿತು. ಸಂಪಿಗೆಯ ಮರದ ಕೆಳಗೆ ನಿಂತು ಮೊಮ್ಮಗಳು ಗಡಿಯಾರ ನೋಡಿ "ಈಗ" ಎಂದಳು. ನಾನು ಓಡಿದೆ. ಕಡಲೆ ಒಂದು ಕ್ಷಣ ನನ್ನನ್ನು ನೋಡಿ, ಇಂಥದೊಂದು ಸುಖವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆಯೆಂಬಂತೆ ಕಿವಿ ನಿಮಿರಿಸಿ ಪಕ್ಕದಲ್ಲಿ ಓಡಿತು. ನನ್ನ ಒಂದು ಹೆಜ್ಜೆಗೆ ಅದರವು ಮೂರು ಹೆಜ್ಜೆ. ನಾನು ಹೆಜ್ಜೆಯನ್ನು ಗಿಡ್ಡ ಮಾಡಿದೆ, ಅದರವು ಎರಡಾದವು. ಮುಂಗಾಲುಗಳು ಒಂದೇ ನೇರದಲ್ಲಿ ಎದ್ದು ಬೀಳುತ್ತಿದ್ದವು. ಒಂದು ನಿಮಿಷವಾದೊಡನೆ "ಸಾಕು ತಾತ, ನಡಿ" ಎಂದಳು ಮೊಮ್ಮಗಳು. ಅಂದು ಅವಳು ಒಂದು ಸಲವೂ ನಮ್ಮನ್ನು ಬಿಟ್ಟು ಮುಂದೆ ಓಡಲಿಲ್ಲ.

ಮನೆಗೆ ಬಂದಾಗ ನನ್ನ ಹೆಂಡತಿ ಗೇಟಿನ ಬಳಿ ನಿಂತಿದ್ದಳು. ಮಾತಾಡದೆ ಬಗ್ಗಿ, ಕಡಲೆಯ ಎಡ ಮುಂಗಾಲನ್ನು ಕೈಯಲ್ಲಿ ಹಿಡಿದು, ಮಣಿಕಟ್ಟಿನಿಂದ ಮೊಣಕೈಯವರೆಗೆ ಬೆರಳಾಡಿಸಿದಳು. ಆಮೇಲೆ ನೀರಿನ ಬಟ್ಟಲನ್ನು ಅದರ ಮುಂದಿಟ್ಟು, "ನಿಮಗೂ ಕಾಫಿ ತರುತ್ತೇನೆ, ಕೂತುಕೊಳ್ಳಿ" ಎಂದಳು.